ಬೆಟ್ಟದ ಸಣ್ಣ ಮಾರಾಟಗಾರರೂ ವಿದೇಶದ ಹಣವೂ

ಭಾರತದೊಳಗೆ ಹಣ ಕೊಡುವುದು ಮತ್ತು ಪಡೆಯುವುದು ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಸಲೀಸಾಗಿದೆಯೆಂದರೆ, ನೀಲಗಿರಿಯ ಮಸಿನಗುಡಿಯ ಚಹಾದಂಗಡಿಯಲ್ಲಾಗಲಿ ಗೂಡಲೂರಿನ ತರಕಾರಿ ಗಾಡಿಯಲ್ಲಾಗಲಿ ಹತ್ತು ರೂಪಾಯಿಯನ್ನು ಯುಪಿಐ ಮೂಲಕ ಕೊಡುವುದು ಇಂದು ಯಾರಿಗೂ ವಿಶೇಷವೆನಿಸುವುದಿಲ್ಲ. ಆದರೆ ಅದೇ ಮಸಿನಗುಡಿಯ ಹೋಂಸ್ಟೇಗೆ ಜರ್ಮನಿಯ ಪ್ರವಾಸಿಯೊಬ್ಬರು ಮುಂಗಡ ಕಳಿಸಬೇಕಾದಾಗ, ಉದಕಮಂಡಲದ ಸುತ್ತಲಿನ ಮಂದುಗಳೆಂಬ ಹಳ್ಳಿಗಳಲ್ಲಿ ತೋಡ ಹೆಣ್ಣುಮಕ್ಕಳು ಕಸೂತಿ ಹಾಕಿದ ಶಾಲನ್ನು ಕೆನಡಾದವರು ಕೊಳ್ಳಬಯಸಿದಾಗ, ಕೋತಗಿರಿ ಕಡೆಯ ಹಟ್ಟಿಯಲ್ಲಿ ಕುಳಿತು ಹೊರದೇಶದ ಕಂಪನಿಗೆ ಜಾಲತಾಣ ಕಟ್ಟಿಕೊಡುವ ಬಡಗ ತರುಣನಿಗೆ ಸಂಬಳ ಬರಬೇಕಾದಾಗ, ಹಣದ ದಾರಿ ಬಹಳ ಉದ್ದವಾಗುತ್ತದೆ, ನಡುವೆ ಕಾಗದಗಳು ಹುಟ್ಟಿಕೊಳ್ಳುತ್ತವೆ, ತಲುಪುವ ಹೊತ್ತಿಗೆ ಮೊತ್ತವೂ ಕರಗಿರುತ್ತದೆ. ಅಂತರರಾಷ್ಟ್ರೀಯ ಪಾವತಿ ಕಂಪನಿಗಳು ಭಾರತದಲ್ಲಿ ಪೂರ್ಣಪ್ರಮಾಣದ ಸೇವೆ ಕೊಡುವುದಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಆ ಮಾತು ಸುಳ್ಳಲ್ಲವಾದರೂ ಅರ್ಧ ಮಾತ್ರ ನಿಜ. ಹೊರಗಿನಿಂದ ಬಂದ ಹಣ ಏಕೆ ಬಂತು, ಯಾವುದರ ಬದಲಿಗೆ ಬಂತು ಎಂದು ರುಜುವಾತುಪಡಿಸುವ ಹೊರೆಯನ್ನು ಭಾರತದ ವ್ಯವಸ್ಥೆಯು ಅದನ್ನು ಹೊರುವ ಶಕ್ತಿ ಎಲ್ಲರಿಗಿಂತ ಕಡಿಮೆಯಿರುವವರ ತಲೆಯ ಮೇಲಿಟ್ಟಿದೆ ಎಂಬುದು ಇನ್ನರ್ಧ ನಿಜವಾಗಿದ್ದು, ನೀಲಗಿರಿಯಂಥ ಜಿಲ್ಲೆಯಲ್ಲಿ ಆ ಇನ್ನರ್ಧವೇ ಹೆಚ್ಚು ತೂಕದ್ದು.

ಮೊದಲು ಪಾವತಿಯ ಯಂತ್ರವನ್ನು ಅರಿಯಬೇಕು. ಕಾರ್ಡಿನ ಮೂಲಕ ನಡೆಯುವ ವಿದೇಶಿ ಪಾವತಿಯಲ್ಲಿ ಕಣ್ಣಿಗೆ ಕಾಣುವವರು ಕೊಳ್ಳುವವರು ಮತ್ತು ಮಾರುವವರು ಮಾತ್ರವಾದರೂ ಅವರ ನಡುವೆ ನಾಲ್ಕು ಸಂಸ್ಥೆಗಳು ಕೆಲಸ ಮಾಡುತ್ತಿರುತ್ತವೆ. ಕೊಳ್ಳುವವರಿಗೆ ಕಾರ್ಡು ಕೊಟ್ಟ ಬ್ಯಾಂಕು ಒಂದು, ವೀಸಾ ಅಥವಾ ಮಾಸ್ಟರ್‌ಕಾರ್ಡಿನಂಥ ಕಾರ್ಡು ಜಾಲ ಇನ್ನೊಂದು, ಮಾರುವವರ ಪರವಾಗಿ ಹಣ ಪಡೆಯುವ ಬ್ಯಾಂಕು ಮತ್ತೊಂದು. ಇವೆಲ್ಲವನ್ನೂ ಮಾರುವವರ ಜಾಲತಾಣಕ್ಕೆ ಜೋಡಿಸಿ, ಹಣವನ್ನು ಒಟ್ಟುಗೂಡಿಸಿ, ಲೆಕ್ಕ ಹಚ್ಚಿ ಹಂಚುವ ಪೇಮೆಂಟ್ ಅಗ್ರಿಗೇಟರ್ ಎಂಬ ಪಾವತಿ ಸಂಸ್ಥೆ ನಾಲ್ಕನೆಯದು. ಈ ನಾಲ್ಕನೆಯ ಸಂಸ್ಥೆ ಮಾಡುವುದು ಹಣ ಸಾಗಿಸುವ ಕೆಲಸವಷ್ಟೇ ಅಲ್ಲ, ಅಪಾಯವನ್ನು ಹೊರುವ ಕೆಲಸವೂ ಹೌದು. ಸರಕು ಬರಲಿಲ್ಲವೆಂದೋ ಕಾರ್ಡು ಕಳವಾಗಿತ್ತೆಂದೋ ಕೊಂಡವರು ತಮ್ಮ ಬ್ಯಾಂಕಿಗೆ ದೂರಿದರೆ ಕೊಟ್ಟ ಹಣ ಹಿಂದಕ್ಕೆ ಹೋಗುತ್ತದೆ. ಚಾರ್ಜ್‌ಬ್ಯಾಕ್ ಎನ್ನಲಾಗುವ ಈ ಹಿಂಪಾವತಿಯ ಹೊತ್ತಿಗೆ ಮಾರಿದವರ ಖಾತೆ ಬರಿದಾಗಿದ್ದರೆ ನಷ್ಟ ಪಾವತಿ ಸಂಸ್ಥೆಯದು. ಭಾರತದ ಕಾರ್ಡುಗಳಿಂದ ದೇಶದೊಳಗೆ ಇಂಟರ್‌ನೆಟ್ಟಿನಲ್ಲಿ ಹಣ ಕೊಡುವಾಗ ಒಟಿಪಿಯಂಥ ಎರಡನೆಯ ದೃಢೀಕರಣ ಸಾಮಾನ್ಯವಾಗಿ ಕಡ್ಡಾಯ. ಹೊರದೇಶದಲ್ಲಿ ಕೊಟ್ಟ ಕಾರ್ಡುಗಳಿಗೆ ಆ ಕಡ್ಡಾಯ ಅನ್ವಯಿಸುವುದಿಲ್ಲವಾದ್ದರಿಂದ ಈ ಅಪಾಯ ವಿದೇಶಿ ಪಾವತಿಯಲ್ಲಿ ಇನ್ನೂ ಹೆಚ್ಚು. ದಾಖಲೆ ಕಡಿಮೆಯಿರುವ, ವಹಿವಾಟು ಸಣ್ಣದಾದ, ಊರು ದೂರದಲ್ಲಿರುವ ಮಾರಾಟಗಾರರನ್ನು ಪಾವತಿ ಸಂಸ್ಥೆಗಳು ಅನುಮಾನದಿಂದ ನೋಡುವುದಕ್ಕೆ ಇದು ಕಾರಣ, ಮತ್ತು ವ್ಯಾಪಾರದ ದೃಷ್ಟಿಯಿಂದ ಅದು ಅರ್ಥವಾಗದ ನಡವಳಿಕೆಯೇನಲ್ಲ.

ಭಾರತದ ಅನುಭವದಲ್ಲಿ ಈ ಅನುಮಾನದ ಜೊತೆಗೆ ನಿಯಂತ್ರಣವೂ ಸೇರಿಕೊಂಡಿತು. 2010ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಪಾವತಿ ಕಂಪನಿಯಾದ ಪೇಪಾಲ್ ಭಾರತಕ್ಕೆ ಬರುವ ಮತ್ತು ಭಾರತದಿಂದ ಹೋಗುವ ವೈಯಕ್ತಿಕ ಪಾವತಿಗಳನ್ನೂ ಇಲ್ಲಿನ ಬ್ಯಾಂಕುಗಳಿಗೆ ಹಣ ವರ್ಗಾಯಿಸುವುದನ್ನೂ ಏಕಾಏಕಿ ನಿಲ್ಲಿಸಿದಾಗ, ಅದನ್ನೇ ನೆಚ್ಚಿದ್ದ ಸಾವಿರಾರು ಸಣ್ಣ ಕೆಲಸಗಾರರ ಹಣ ನಡುದಾರಿಯಲ್ಲಿ ನಿಂತಿತು. ಅದೇ ವರ್ಷದ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇಂಥ ಸಂಸ್ಥೆಗಳಿಗೆ ಒಂದು ಚೌಕಟ್ಟನ್ನು ರೂಪಿಸಿ, ರಫ್ತಿನ ಹಣವನ್ನು ಅವುಗಳ ಮೂಲಕ ತರಿಸಿಕೊಳ್ಳಲು ಬ್ಯಾಂಕುಗಳಿಗೆ ಅನುಮತಿ ನೀಡಿತಾದರೂ, ಒಂದು ವ್ಯವಹಾರಕ್ಕೆ 500 ಡಾಲರಿನ ಮಿತಿಯನ್ನೂ ಹಣವನ್ನು ಅಲ್ಲೇ ಇಟ್ಟುಕೊಳ್ಳದೆ ಏಳು ದಿನಗಳೊಳಗೆ ಭಾರತದ ಖಾತೆಗೆ ತರಬೇಕೆಂಬ ನಿಬಂಧನೆಯನ್ನೂ ಹಾಕಿತು. ಆ ಮಿತಿ 2011ರಲ್ಲಿ 3,000 ಡಾಲರಿಗೆ, 2013ರಲ್ಲಿ 10,000 ಡಾಲರಿಗೆ ಏರಿತು. 2021ರ ಏಪ್ರಿಲ್ 1ರಿಂದ ಪೇಪಾಲ್ ಭಾರತದೊಳಗಿನ ಪಾವತಿ ಸೇವೆಯನ್ನು ಮುಚ್ಚಿ ವಿದೇಶಿ ಮಾರಾಟಕ್ಕಷ್ಟೇ ಉಳಿಯಿತು. ಜಗತ್ತಿನ ಹಲವು ದೇಶಗಳಲ್ಲಿ ಸಣ್ಣ ಉದ್ಯಮಿಯ ಮೊದಲ ಆಯ್ಕೆಯಾಗಿರುವ ಸ್ಟ್ರೈಪ್ ಸಂಸ್ಥೆ 2024ರಲ್ಲಿ ಭಾರತದ ಹೊಸ ಖಾತೆಗಳನ್ನು ತಾನು ಆಹ್ವಾನಿಸಿದವರಿಗೆ ಮಾತ್ರ ಎಂದು ಸೀಮಿತಗೊಳಿಸಿತು. ಬೆಂಗಳೂರಿನ ದೊಡ್ಡ ಕಂಪನಿಗೆ ಇಂಥ ಆಹ್ವಾನ ದೊರೆಯಬಹುದು. ಕೂನೂರಿನ ಒಂದು ಚಹಾ ಅಂಗಡಿಗೆ ಅದು ದೊರೆಯುವ ಸಂಭವ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯುಪಿಐ ಈಗ ವಿದೇಶಗಳಿಗೂ ಹಬ್ಬುತ್ತಿದೆಯಲ್ಲ, ಹಾಗಿದ್ದ ಮೇಲೆ ತೊಂದರೆಯೇನು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. 2024ರ ಫೆಬ್ರುವರಿಯಲ್ಲಿ ಶ್ರೀಲಂಕಾ ಮತ್ತು ಮಾರಿಷಸ್‌ಗಳಲ್ಲಿಯೂ ಅದೇ ಸುಮಾರಿಗೆ ಪ್ಯಾರಿಸ್ಸಿನ ಐಫೆಲ್ ಗೋಪುರದ ಟಿಕೆಟ್ಟಿಗೂ ಯುಪಿಐ ಬಳಕೆಗೆ ಬಂದದ್ದು ದೊಡ್ಡ ಸುದ್ದಿಯಾಯಿತು. ಆದರೆ ಇವುಗಳಲ್ಲಿ ಹೆಚ್ಚಿನವು ಹೊರದೇಶಕ್ಕೆ ಹೋದ ಭಾರತೀಯರು ಅಲ್ಲಿ ಹಣ ಖರ್ಚು ಮಾಡುವುದಕ್ಕೆ ನೆರವಾಗುವ ಏರ್ಪಾಡುಗಳು. 2023ರ ಫೆಬ್ರುವರಿಯಲ್ಲಿ ಸಿಂಗಪುರದ ಪೇನೌ ಪಾವತಿ ವ್ಯವಸ್ಥೆಯ ಜೊತೆ ಆದ ಜೋಡಣೆಯೂ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಹಣಕ್ಕೆ ಸಂಬಂಧಿಸಿದ್ದು, ವ್ಯಾಪಾರದ ಪಾವತಿಗಲ್ಲ. ಭಾರತಕ್ಕೆ ಬಂದಿಳಿದ ವಿದೇಶಿಯರು ಪಾಸ್‌ಪೋರ್ಟ್ ತೋರಿಸಿ ಹಣ ತುಂಬಿಸಿಕೊಳ್ಳುವ ಯುಪಿಐ ವ್ಯಾಲೆಟ್ ಮಸಿನಗುಡಿಗೆ ಬಂದು ನಿಂತ ಪ್ರವಾಸಿಗೆ ಅನುಕೂಲವೇ ಸರಿ. ಬರುವುದಕ್ಕೆ ಮೂರು ತಿಂಗಳು ಮೊದಲೇ ಮುಂಗಡ ಕಳಿಸಿ ಕೋಣೆ ಕಾದಿರಿಸುವವರಿಗೆ ಅದರಿಂದ ಉಪಯೋಗವಿಲ್ಲ. ಭಾರತದ ಹಣ ಹೊರಗೆ ಹೋಗಿ ಖರ್ಚಾಗುವುದು ಸುಲಭವಾಗುತ್ತಿರುವಷ್ಟು ವೇಗದಲ್ಲಿ ಭಾರತದ ಸಣ್ಣ ಮಾರಾಟಗಾರರಿಗೆ ಹೊರಗಿನಿಂದ ಹಣ ಬರುವುದು ಸುಲಭವಾಗುತ್ತಿಲ್ಲ. ಇದು ಗಂಭೀರವಾಗಿ ಯೋಚಿಸಬೇಕಾದ ಸಂಗತಿ.

ಇದರ ಬೇರು ವಿದೇಶಿ ವಿನಿಮಯದ ಕಾನೂನಿನಲ್ಲಿದೆ. 1973ರ ಕಠಿಣ ಕಾಯಿದೆಯ ಬದಲಿಗೆ ಬಂದು 2000ದ ಜೂನ್ 1ರಿಂದ ಜಾರಿಗೊಂಡ, ಫೆಮಾ ಎಂದು ಕರೆಯಲಾಗುವ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆ, ನಿಯಮಭಂಗವನ್ನು ಅಪರಾಧವೆಂದು ಕಾಣುವ ಹಳೆಯ ದೃಷ್ಟಿಯನ್ನು ಬಿಟ್ಟು ದಂಡ ತೆರಬೇಕಾದ ತಪ್ಪೆಂದು ಪರಿಗಣಿಸಿತು. ಆದರೂ ಅದರ ತಳಹದಿಯ ವಿಚಾರ ಬದಲಾಗಲಿಲ್ಲ: ಹೊರಗಿನಿಂದ ಬಂದ ಪ್ರತಿಯೊಂದು ಮೊತ್ತಕ್ಕೂ ಒಂದು ಕಾರಣವಿರಬೇಕು, ಆ ಕಾರಣ ದಾಖಲಾಗಬೇಕು, ಹೊರಗೆ ಹೋದ ಪ್ರತಿಯೊಂದು ಸರಕಿಗೂ ಹಣ ಗೊತ್ತಾದ ಅವಧಿಯೊಳಗೆ ಬರಬೇಕು. ಕಾರಣವನ್ನು ಸೂಚಿಸುವುದು ಪರ್ಪಸ್ ಕೋಡ್ ಎಂಬ ಸಂಖ್ಯೆ. ಹಣ ಬಂದುದಕ್ಕೆ ಬ್ಯಾಂಕು ಕೊಡುವ ಒಳಬರುವ ಹಣದ ಪ್ರಮಾಣಪತ್ರ ಸಾಕ್ಷಿ. ಸರಕಿನ ರಫ್ತಿಗೂ ಬಂದ ಹಣಕ್ಕೂ ತಾಳೆ ನೋಡುವುದು ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆ. ಬಹುಕಾಲ ಒಂಬತ್ತು ತಿಂಗಳಿದ್ದ ಹಣ ತರುವ ಅವಧಿಯನ್ನು 2025ರ ಕೊನೆಯಲ್ಲಿ ಹದಿನೈದು ತಿಂಗಳಿಗೆ ಹೆಚ್ಚಿಸಲಾಗಿದೆ. ಒಂದು ಹಡಗಿನ ತುಂಬ ಚಹಾ ಕಳಿಸುವ ಕಂಪನಿಗೆ ಇದೆಲ್ಲ ಕಚೇರಿಯ ಒಬ್ಬ ಗುಮಾಸ್ತನ ಕೆಲಸ. ಒಂದು ಶಾಲು ಕಳಿಸುವವರಿಗೂ ಕೆಲಸ ಬಹುಮಟ್ಟಿಗೆ ಅಷ್ಟೇ ಇದೆ, ಗುಮಾಸ್ತನಿಲ್ಲ.

ಒಂದು ಶಾಲಿನ ಲೆಕ್ಕವನ್ನೇ ಹಿಡಿದು ನೋಡಬಹುದು. ಒರಟು ಬಿಳಿ ಹತ್ತಿ ಬಟ್ಟೆಯ ಎಳೆಗಳನ್ನು ಎಣಿಸುತ್ತ, ಯಾವ ನಕ್ಷೆಯನ್ನೂ ಮುಂದಿಟ್ಟುಕೊಳ್ಳದೆ, ಕೆಂಪು ಮತ್ತು ಕಪ್ಪು ದಾರಗಳಿಂದ ಹಾಕುವ ತೋಡ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಆ ಪ್ರದೇಶದ ಆ ಜನರ ಕೆಲಸಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂಬ ಕಾನೂನಿನ ರಕ್ಷಣೆ ದೊರೆಯಿತು. ಹೆಸರಿಗೆ ರಕ್ಷಣೆ ದೊರೆತದ್ದು ಸರಿಯಾದದ್ದೇ. ಆದರೆ ಆ ಹೆಸರನ್ನು ನೋಡಿ ಹೊರದೇಶದವರು ಐದು ಸಾವಿರ ರೂಪಾಯಿಯ ಶಾಲೊಂದನ್ನು ಕೇಳಿದರೆ ಏನಾಗುತ್ತದೆ? ಸರಕು ರಫ್ತು ಮಾಡಲು ವಿದೇಶ ವ್ಯಾಪಾರ ನಿರ್ದೇಶನಾಲಯದ ಆಮದು ರಫ್ತು ಸಂಕೇತ ಸಂಖ್ಯೆ ಬೇಕು. ಅದರ ಶುಲ್ಕ 500 ರೂಪಾಯಿಯಷ್ಟೇ ಆದರೂ ಪ್ರತಿವರ್ಷ ಅದನ್ನು ಮತ್ತೆ ದೃಢಪಡಿಸಬೇಕು. ಜಿಎಸ್‌ಟಿ ಕಾನೂನು ರಫ್ತನ್ನು ಅಂತರರಾಜ್ಯ ಮಾರಾಟದ ವರ್ಗಕ್ಕೆ ಸೇರಿಸಿರುವುದರಿಂದ ಸರಕಿನ ವಿಷಯದಲ್ಲಿ ನೋಂದಣಿಯ ಪ್ರಶ್ನೆ ಏಳುತ್ತದೆ. ನೋಂದಾಯಿಸಿದವರು ತೆರಿಗೆ ಕಟ್ಟದೆ ರಫ್ತು ಮಾಡಬೇಕಾದರೆ ಪ್ರತಿವರ್ಷ ಮುಚ್ಚಳಿಕೆ ಬರೆದುಕೊಡಬೇಕು. ಅಂಚೆಯ ಮೂಲಕ ಕಳಿಸಿದರೆ ಅಂಚೆ ರಫ್ತು ಬಿಲ್ಲು ತುಂಬಬೇಕು. ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಬಂದರೆ ನಡುವಿನ ಬ್ಯಾಂಕುಗಳು ಮೊತ್ತ ಎಷ್ಟೇ ಸಣ್ಣದಿರಲಿ ತಮ್ಮ ನಿಗದಿತ ಶುಲ್ಕವನ್ನು ಮುರಿದುಕೊಳ್ಳುತ್ತವೆ. ಕಾರ್ಡಿನ ಮೂಲಕ ಬಂದರೆ ಪಾವತಿ ಸಂಸ್ಥೆಯ ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ, ಡಾಲರನ್ನು ರೂಪಾಯಿ ಮಾಡುವಾಗ ಮಾರುಕಟ್ಟೆಯ ದರಕ್ಕೂ ಕೊಟ್ಟ ದರಕ್ಕೂ ಇರುವ ಅಂತರ, ಇವೆಲ್ಲ ಸೇರುತ್ತವೆ. ಶುಲ್ಕವೆಂದು ನಾಲ್ಕು ರೂಪಾಯಿ, ವಿನಿಮಯದ ಅಂತರವೆಂದು ಮೂರು ರೂಪಾಯಿ ಎಂದಿಟ್ಟುಕೊಂಡರೂ ನೂರಕ್ಕೆ ಏಳೆಂಟು ರೂಪಾಯಿ ಹೋಯಿತು. ದುಡಿಯಲು ಹೊರದೇಶಕ್ಕೆ ಹೋದವರು ಮನೆಗೆ ಕಳಿಸುವ ಹಣದ ಸಾಗಾಟ ವೆಚ್ಚವನ್ನು 2030ರೊಳಗೆ ಶೇಕಡಾ ಮೂರಕ್ಕಿಂತ ಕೆಳಗೆ ತರಬೇಕೆಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂದು ಗುರಿಯಿದೆ. ತಮ್ಮ ಊರಿನಲ್ಲೇ ಕುಳಿತು ದುಡಿದು ಹೊರದೇಶಕ್ಕೆ ಮಾರುವವರ ಹಣಕ್ಕೆ ಅಂಥ ಗುರಿಯನ್ನು ಆ ಪಟ್ಟಿ ನಿಗದಿಪಡಿಸಿಲ್ಲ. ಊರು ಬಿಟ್ಟು ಹೋದವರ ದುಡಿಮೆಗೆ ಸಿಕ್ಕ ಗಮನ ಊರಿನಲ್ಲಿ ಉಳಿದವರ ದುಡಿಮೆಗೂ ಸಿಗಬೇಕಾದದ್ದು ನ್ಯಾಯ.

ಇದಕ್ಕೆ ಭಾಷೆ ಮತ್ತು ದೂರಗಳೂ ಸೇರುತ್ತವೆ. ಬಡಗ, ಕನ್ನಡ, ತಮಿಳು, ಮಲಯಾಳಂ, ಪಣಿಯ, ತೋಡ ಭಾಷೆಗಳನ್ನಾಡುವ ಜಿಲ್ಲೆಯಲ್ಲಿ ಪರ್ಪಸ್ ಕೋಡಿನ ಪಟ್ಟಿ ಕೈಗೆ ಸಿಗುವುದು ಇಂಗ್ಲಿಷಿನಲ್ಲಿ. ವಿದೇಶಿ ವಿನಿಮಯವನ್ನು ನೇರವಾಗಿ ನಿರ್ವಹಿಸುವ ಅಧಿಕಾರ ಎಲ್ಲ ಬ್ಯಾಂಕ್ ಶಾಖೆಗಳಿಗೂ ಇರುವುದಿಲ್ಲವಾದ್ದರಿಂದ ಸಣ್ಣ ಊರಿನಲ್ಲಿ ಕೊಟ್ಟ ಕಾಗದ ದೊಡ್ಡ ಊರಿನ ಶಾಖೆಗೆ ಹೋಗಿ ಬರಬೇಕಾಗುತ್ತದೆ.

ಹೋಂಸ್ಟೇಯ ವಿಷಯದಲ್ಲಿ ತೊಡಕಿನ ರೂಪ ಬೇರೆ. ಮಸಿನಗುಡಿ, ಮಾವನಹಳ್ಳ, ಬೊಕ್ಕಾಪುರಗಳ ಸುತ್ತ ಕಾಡು ನೋಡಲು ಬರುವವರನ್ನು ನೆಚ್ಚಿ ಬದುಕುವ ಕುಟುಂಬಗಳಿಗೆ, ಆನೆ ಪಥದಲ್ಲಿನ ರೆಸಾರ್ಟುಗಳನ್ನು ಕುರಿತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ಕೊಟ್ಟ ತೀರ್ಪಿನ ನಂತರ, ಯಾವ ವ್ಯವಹಾರವನ್ನೇ ಆಗಲಿ ಕಾಗದಬದ್ಧವಾಗಿ ನಡೆಸಬೇಕಾದ ಅಗತ್ಯ ಮೊದಲಿಗಿಂತ ಹೆಚ್ಚಾಗಿದೆ. ಇಲ್ಲಿ ತಂಗುವ ವಿದೇಶಿಯರು ಡಾಲರಿನಲ್ಲೋ ಯೂರೋದಲ್ಲೋ ಹಣ ಕೊಟ್ಟರೂ, ಜಿಎಸ್‌ಟಿ ಕಾನೂನಿನ ಪ್ರಕಾರ ವಸತಿಯಂಥ ಸ್ಥಿರಾಸ್ತಿಗೆ ಸಂಬಂಧಿಸಿದ ಸೇವೆ ಆ ಆಸ್ತಿ ಇರುವಲ್ಲೇ ಸಂದಾಯವಾದಂತೆ. ಆದ್ದರಿಂದ ಅದು ತೆರಿಗೆಯ ದೃಷ್ಟಿಯಲ್ಲಿ ರಫ್ತಲ್ಲ. ಅದೇ ಹಣ ಬ್ಯಾಂಕಿನ ದೃಷ್ಟಿಯಲ್ಲಿ ವಿದೇಶದಿಂದ ಬಂದ ವಿನಿಮಯ, ಕಾರಣ ಹೇಳಲೇಬೇಕಾದದ್ದು. ಒಂದೇ ಮೊತ್ತಕ್ಕೆ ಎರಡು ಕಾನೂನುಗಳು ಎರಡು ಹೆಸರಿಡುತ್ತವೆ. ಎರಡನ್ನೂ ಅರಿತು ಸರಿಯಾಗಿ ಬರೆಯುವ ಹೊಣೆ ಮಾತ್ರ ಒಬ್ಬರದೇ. ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ವಿದೇಶಿ ಅತಿಥಿ ಬಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಅವರ ಪಾಸ್‌ಪೋರ್ಟ್ ಮತ್ತು ವೀಸಾ ವಿವರಗಳನ್ನು, ಬಹುಕಾಲದಿಂದ ಸಿ ಫಾರಂ ಎಂದು ಕರೆಯುತ್ತ ಬಂದ ನಮೂನೆಯಲ್ಲಿ, ಮನೆಯೊಡೆಯರು ವಿದೇಶಿಯರ ನೋಂದಣಿ ಕಚೇರಿಗೆ ಇಂಟರ್‌ನೆಟ್ ಮೂಲಕವೇ ತಿಳಿಸುತ್ತಾರೆ. ಯಾವ ದೇಶದ ಯಾವ ವ್ಯಕ್ತಿ ಯಾವ ಮನೆಯಲ್ಲಿ ಎಷ್ಟು ದಿನ ತಂಗಿದರೆಂಬುದು ಸರ್ಕಾರಕ್ಕೆ ಹೀಗೆ ಗೊತ್ತಾಗಿರುತ್ತದೆ. ಆ ವ್ಯಕ್ತಿ ಕೊಟ್ಟ ಬಾಡಿಗೆ ಏಕೆ ಬಂತೆಂದು ಇನ್ನೊಂದು ಕಿಟಕಿಯಲ್ಲಿ ಮತ್ತೆ ಕೇಳುವ ಬದಲು ಎರಡು ದಾಖಲೆಗಳನ್ನು ಜೋಡಿಸುವುದು ಆಡಳಿತಕ್ಕೆ ಅಸಾಧ್ಯವಾದ ಕೆಲಸವಲ್ಲ.

ಗೂಡಲೂರಿನ ಉದಾಹರಣೆ ಮೂರನೆಯ ತೊಡಕನ್ನು ತೋರಿಸುತ್ತದೆ. 1980ರ ದಶಕದ ಮಧ್ಯದಲ್ಲಿ ಅಲ್ಲಿ ಆದಿವಾಸಿಗಳ ನಡುವೆ ಕೆಲಸ ಆರಂಭಿಸಿದ ಅಕಾರ್ಡ್ ಸಂಸ್ಥೆಯ ಸ್ಥಾಪಕರಾದ ಸ್ಟ್ಯಾನ್ ಮತ್ತು ಮಾರಿ ತೇಕೇಕರ ಅವರು, ಆದಿವಾಸಿಗಳು ಬೆಳೆದ ಚಹಾವನ್ನು ಬ್ರಿಟನ್ ಮತ್ತು ಜರ್ಮನಿಯ ಬಳಕೆದಾರರಿಗೆ ದಲ್ಲಾಳಿಗಳಿಲ್ಲದೆ ತಲುಪಿಸುವ ಜಸ್ಟ್ ಚೇಂಜ್ ಎಂಬ ಪ್ರಯತ್ನಕ್ಕೆ ಕಾರಣರಾದರು. ಬೆಳೆಯುವವರಿಗೂ ಕುಡಿಯುವವರಿಗೂ ನಡುವೆ ನೇರ ಸಂಬಂಧವಿರಬೇಕೆಂಬ ಆ ವಿಚಾರ ಇಂಟರ್‌ನೆಟ್ ಮಾರಾಟಕ್ಕಿಂತ ಹಳೆಯದು, ಇಂದಿಗೂ ಮೌಲಿಕವಾದದ್ದು. ಆದರೆ ಇಂಥ ಕೆಲಸಗಳನ್ನು ನಡೆಸುವ ಟ್ರಸ್ಟು ಮತ್ತು ಸಂಘಗಳಿಗೆ ಹೊರದೇಶದ ಹಣ ಎರಡು ಬಗೆಯಲ್ಲಿ ಬರಬಹುದು. ಬಂದದ್ದು ದಾನವಾದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿ ಬೇಕು, ಮತ್ತು 2020ರ ತಿದ್ದುಪಡಿಯ ನಂತರ ಅದು ದೆಹಲಿಯಲ್ಲಿರುವ ಸ್ಟೇಟ್ ಬ್ಯಾಂಕಿನ ಒಂದು ನಿರ್ದಿಷ್ಟ ಶಾಖೆಯ ಖಾತೆಗೇ ಮೊದಲು ಬರಬೇಕು. ಬಂದದ್ದು ಸರಕಿನ ಬೆಲೆಯಾದರೆ ಆ ಕಾಯಿದೆ ಅದನ್ನು ವಂತಿಗೆಯೆಂದು ಪರಿಗಣಿಸುವುದಿಲ್ಲ. ಜಾಲತಾಣದಲ್ಲಿ ಒಂದು ಪೊಟ್ಟಣ ಚಹಾ ಕೊಂಡವರು ಪ್ರೀತಿಯಿಂದ ಬೆಲೆಗಿಂತ ಹತ್ತು ಯೂರೋ ಹೆಚ್ಚು ಕಳಿಸಿದರೆ ಆ ಹತ್ತು ಯೂರೋ ಯಾವುದು? ಕಾನೂನಿನ ಉತ್ತರ ತಿಳಿಯದೆ ಹೆದರಿದ ಸಣ್ಣ ಸಂಘಕ್ಕೆ ವಿದೇಶದ ಮಾರಾಟವನ್ನೇ ಕೈಬಿಡುವುದು ಅತ್ಯಂತ ಸುರಕ್ಷಿತವಾದ ದಾರಿಯಾಗಿ ಕಾಣುತ್ತದೆ, ಮತ್ತು ಹಾಗೆ ಕೈಬಿಟ್ಟ ಮಾರಾಟ ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ.

ನೇರ ದಾರಿ ಕಠಿಣವಾದಾಗ ಜನ ಅಡ್ಡದಾರಿ ಹಿಡಿಯುವುದು ಸಹಜ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ನಂಟರ ಖಾತೆಗೆ ಗಿರಾಕಿಗಳಿಂದ ಹಣ ಹಾಕಿಸಿ, ಅವರು ಅದನ್ನು ಮನೆಖರ್ಚಿಗೆಂದು ಊರಿಗೆ ಕಳಿಸುವುದು ಒಂದು ಉಪಾಯ. ಕಳಿಸುವವರಲ್ಲಿ ಮೋಸದ ಉದ್ದೇಶವಿಲ್ಲದಿದ್ದರೂ ಮಾರಾಟದ ಹಣ ಕುಟುಂಬದ ಜೀವನಾಂಶವೆಂದು ತಪ್ಪಾಗಿ ದಾಖಲಾಗುತ್ತದೆ, ಆದಾಯ ತೆರಿಗೆಯ ಪ್ರಶ್ನೆ ಎದ್ದಾಗ ಉತ್ತರವಿರುವುದಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಹತ್ತು ವರ್ಷ ವಿದೇಶಕ್ಕೆ ಮಾರಿದ ಮೇಲೂ ಸಾಲ ಕೇಳಲು ಬ್ಯಾಂಕಿಗೆ ಹೋದಾಗ ತೋರಿಸಲು ರಫ್ತಿನ ಒಂದು ದಾಖಲೆಯೂ ಇರುವುದಿಲ್ಲ. ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಕಂಪನಿ ತೆರೆದು ಅಲ್ಲಿನ ಪಾವತಿ ಸೇವೆಯನ್ನು ಪಡೆಯುವುದು ಉಳ್ಳವರ ಉಪಾಯ. ಎರಡೂ ದೇಶಗಳ ತೆರಿಗೆ ಮತ್ತು ಹೂಡಿಕೆಯ ನಿಯಮಗಳನ್ನು ಪಾಲಿಸಲು ಲೆಕ್ಕಪರಿಶೋಧಕರನ್ನು ಇಟ್ಟುಕೊಳ್ಳಬಲ್ಲ ಸಾಫ್ಟ್‌ವೇರ್ ಉದ್ಯಮಕ್ಕೆ ಅದು ಒಗ್ಗೀತು, ಕಸೂತಿ ಹಾಕುವವರಿಗೂ ಎರಡು ಎಕರೆ ಚಹಾ ಬೆಳೆಯುವವರಿಗೂ ಅದನ್ನು ಸಲಹೆಯಾಗಿ ಕೊಡುವುದು ಸಲ್ಲದು.

ನಿಯಂತ್ರಣವೇ ಬೇಡವೆನ್ನುವುದು ಇಲ್ಲಿನ ವಾದವಲ್ಲ. ಇತಿಹಾಸ ಆ ಮಾತನ್ನು ಒಪ್ಪುವುದೂ ಇಲ್ಲ, ಅದರಲ್ಲೂ ನೀಲಗಿರಿಯ ಇತಿಹಾಸ. ಗೂಡಲೂರಿನಾಚೆಯ ದೇವಾಲ ಮತ್ತು ಪಂದಲೂರುಗಳ ಬೆಟ್ಟಗಳಲ್ಲಿ ಚಿನ್ನವಿದೆಯೆಂಬ ಸುದ್ದಿ ಹಬ್ಬಿ, 1880ರ ಸುಮಾರಿನಲ್ಲಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಗಣಿ ಕಂಪನಿಗಳು ಹುಟ್ಟಿ, ಲಕ್ಷಗಟ್ಟಲೆ ಪೌಂಡು ಬಂಡವಾಳ ಸಂಗ್ರಹವಾಯಿತು. ಕಾಡು ಕಡಿದು, ಯಂತ್ರ ತಂದು, ಬಂಗಲೆ ಕಟ್ಟಿದ ಮೇಲೆ ದೊರೆತ ಚಿನ್ನ ಖರ್ಚಿನ ಹತ್ತಿರಕ್ಕೂ ಬಾರದೆ ಕೆಲವೇ ವರ್ಷಗಳಲ್ಲಿ ಕಂಪನಿಗಳು ಕುಸಿದವು. ಅಂದು ಹೊರಗಿನ ಹಣ ಈ ಬೆಟ್ಟಕ್ಕೆ ಯಾವ ಪ್ರಶ್ನೆಯೂ ಇಲ್ಲದೆ ಹರಿದು ಬಂದಿತ್ತು, ಪ್ರಶ್ನೆಯಿಲ್ಲದ ಹಣ ಏನು ಮಾಡಬಲ್ಲದೆಂಬುದನ್ನು ತೋರಿಸಿಯೂ ಹೋಯಿತು. 1991ರಲ್ಲಿ ಭಾರತದ ಬಳಿ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟೇ ವಿದೇಶಿ ವಿನಿಮಯ ಉಳಿದು, ಚಿನ್ನವನ್ನು ಹೊರಗೆ ಅಡವಿಡಬೇಕಾದ ನೆನಪೂ ರಿಸರ್ವ್ ಬ್ಯಾಂಕಿನ ಎಚ್ಚರದ ಹಿಂದಿದೆ. ಕಪ್ಪುಹಣವನ್ನು ಬಿಳಿ ಮಾಡಲು ಸುಳ್ಳು ರಫ್ತು ತೋರಿಸುವವರೂ ಇದ್ದಾರೆ. ಆದರೆ ದೇವಾಲದ ಚಿನ್ನದ ಹುಚ್ಚನ್ನು ಹಬ್ಬಿಸಿದವರು ಲಂಡನ್ನಿನ ಷೇರು ಮಾರುಕಟ್ಟೆಯ ದೊಡ್ಡ ಕೈಗಳೇ ಹೊರತು ಬೆಟ್ಟದ ಸಣ್ಣ ವ್ಯಾಪಾರಿಗಳಲ್ಲ. ವಿದೇಶಿ ವಿನಿಮಯದ ದೊಡ್ಡ ಅಪಾಯಗಳು ಯಾವ ಕಾಲದಲ್ಲೂ ದೊಡ್ಡ ಮೊತ್ತಗಳಲ್ಲೇ ಇದ್ದವು. ಐದು ಸಾವಿರ ರೂಪಾಯಿಯ ಶಾಲಿಗೂ ಐದು ಕೋಟಿಯ ಸರಕಿಗೂ ಹೆಚ್ಚುಕಡಿಮೆ ಒಂದೇ ಬಗೆಯ ರುಜುವಾತು ಕೇಳುವ ನಿಯಮ ಕಠಿಣವಾಗಿ ಕಾಣುತ್ತದೆಯೇ ಹೊರತು, ಅದರಿಂದ ಅಧಿಕಾರಿಗಳ ಗಮನ ಸಣ್ಣ ಕಾಗದಗಳಲ್ಲಿ ಹಂಚಿಹೋಗಿ ನಿಜವಾಗಿ ನೋಡಬೇಕಾದದ್ದು ಕಣ್ತಪ್ಪುವ ಸಾಧ್ಯತೆಯೇ ಹೆಚ್ಚು.

ಹೊರೆಯನ್ನು ಬೇರೆಡೆಗೆ ವರ್ಗಾಯಿಸಬಹುದೆಂಬುದಕ್ಕೂ ಈ ಜಿಲ್ಲೆಯ ಇತಿಹಾಸದಲ್ಲೇ ಉದಾಹರಣೆಯಿದೆ. 1950ರ ದಶಕದಿಂದ ಸೋವಿಯೆತ್ ಒಕ್ಕೂಟದ ಜೊತೆಗಿನ ಭಾರತದ ವ್ಯಾಪಾರ ರೂಪಾಯಿಯಲ್ಲೇ ಇತ್ಯರ್ಥವಾಗುತ್ತಿತ್ತು. ನೀಲಗಿರಿಯ ಚಹಾಕ್ಕೆ ಸೋವಿಯೆತ್ ದೇಶ ಅತ್ಯಂತ ದೊಡ್ಡ ಗಿರಾಕಿಗಳಲ್ಲೊಂದಾಗಿತ್ತು. ವಿನಿಮಯದ ಪ್ರಶ್ನೆಯನ್ನು ಎರಡು ಸರ್ಕಾರಗಳೂ ಅವುಗಳ ಕೇಂದ್ರ ಬ್ಯಾಂಕುಗಳೂ ಮೇಲೆಯೇ ಬಗೆಹರಿಸಿಕೊಳ್ಳುತ್ತಿದ್ದುದರಿಂದ, ಕೂನೂರಿನಲ್ಲಿ ಚಹಾ ಹರಾಜಿಗೆ ಹಾಕುವವರಿಗೂ ಹಟ್ಟಿಯಿಂದ ಕಾರ್ಖಾನೆಗೆ ಹಸಿರೆಲೆ ಹಾಕುವವರಿಗೂ ಡಾಲರಿನ ಮಾತೇ ಬರುತ್ತಿರಲಿಲ್ಲ. 1991ರ ಕೊನೆಯಲ್ಲಿ ಸೋವಿಯೆತ್ ಒಕ್ಕೂಟ ಒಡೆದು ಆ ಏರ್ಪಾಡು ಮುಗಿದ ಮೇಲೆ ಮಾರುಕಟ್ಟೆ ಅಲುಗಾಡಿತು. 1990ರ ದಶಕದ ಕೊನೆಯ ಹೊತ್ತಿಗೆ ಹಸಿರೆಲೆಯ ಬೆಲೆ ಕುಸಿದು ಸಣ್ಣ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಒಂದೇ ಗಿರಾಕಿಯನ್ನು ನೆಚ್ಚಿದ್ದು ಆ ಏರ್ಪಾಡಿನ ದೋಷ. ಅದನ್ನು ಮತ್ತೆ ತರಬೇಕೆಂದು ಯಾರೂ ಹೇಳಲಾರರು. ಆದರೆ ಪಾವತಿಯ ಜಟಿಲತೆಯನ್ನು ಮೇಲಿನವರು ಹೊತ್ತು ಕೆಳಗಿನವರಿಗೆ ರೂಪಾಯಿಯನ್ನಷ್ಟೇ ತಲುಪಿಸುವುದು ಸಾಧ್ಯವೆಂಬುದನ್ನು ಅದು ಸುಮಾರು ನಾಲ್ಕು ದಶಕಗಳ ಕಾಲ ತೋರಿಸಿತು.

ಹೊಸ ನಿಯಮಗಳು ಆ ದಿಕ್ಕಿನಲ್ಲಿ ಕೆಲವು ಹೆಜ್ಜೆ ಇಟ್ಟಿವೆ ಎಂಬುದನ್ನು ಒಪ್ಪಲೇಬೇಕು. 2023ರ ಅಕ್ಟೋಬರ್ 31ರಂದು ರಿಸರ್ವ್ ಬ್ಯಾಂಕು ಗಡಿಯಾಚೆಗಿನ ಪಾವತಿಗಳನ್ನು ನಿರ್ವಹಿಸುವ ಪಾವತಿ ಸಂಸ್ಥೆಗಳಿಗೆ ಪ್ರತ್ಯೇಕ ಪರವಾನಗಿಯ ವ್ಯವಸ್ಥೆ ತಂದು, ಆಗಲೇ ಈ ಸೇವೆ ಕೊಡುತ್ತಿದ್ದ ಬ್ಯಾಂಕಲ್ಲದ ಸಂಸ್ಥೆಗಳಿಗೆ ಅರ್ಜಿ ಹಾಕುವಾಗ 15 ಕೋಟಿ ರೂಪಾಯಿಯ ನಿವ್ವಳ ಮೌಲ್ಯವಿರಬೇಕೆಂದೂ ಅದನ್ನು 2026ರ ಮಾರ್ಚ್ 31ರೊಳಗೆ 25 ಕೋಟಿಗೆ ಏರಿಸಬೇಕೆಂದೂ ವಿಧಿಸಿ, ಒಂದು ಸರಕು ಅಥವಾ ಸೇವೆಗೆ 25 ಲಕ್ಷ ರೂಪಾಯಿಯವರೆಗಿನ ಪಾವತಿಗೆ ಅವಕಾಶ ಕೊಟ್ಟಿತು. 2024ರಿಂದ ಭಾರತದ್ದೇ ಆದ ಸಂಸ್ಥೆಗಳು ಈ ಪರವಾನಗಿ ಪಡೆಯತೊಡಗಿವೆ. ವಿದೇಶಿ ಕಂಪನಿಯ ಆಹ್ವಾನಕ್ಕೆ ಕಾಯುವ ಸ್ಥಿತಿ ಇದರಿಂದ ಕ್ರಮೇಣ ಕಡಿಮೆಯಾಗಲಿದೆ, ಮತ್ತು ಅದು ನಿಜಕ್ಕೂ ಸಂತೋಷದ ವಿಷಯ. ಅಂಚೆ ಇಲಾಖೆ 2022ರಿಂದ ತೆರೆಯುತ್ತ ಬಂದಿರುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಸರಕು ಕಳಿಸುವ ಕಾಗದದ ಕೆಲಸವನ್ನು ಊರಿನ ಹತ್ತಿರಕ್ಕೆ ತಂದಿವೆ. 2025ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಇನ್ನೊಂದು ಮುಖ್ಯ ಸಡಿಲಿಕೆ ಮಾಡಿ, ಹತ್ತು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಮೊತ್ತದ ರಫ್ತಿನ ಲೆಕ್ಕವನ್ನು ರಫ್ತುದಾರರ ಸ್ವಂತ ಹೇಳಿಕೆಯ ಆಧಾರದ ಮೇಲೆಯೇ ಮುಗಿಸಬಹುದೆಂದು ಬ್ಯಾಂಕುಗಳಿಗೆ ತಿಳಿಸಿತು. ಸಣ್ಣವರ ಮಾತನ್ನು ನಂಬಬಹುದು ಎಂದು ನಿಯಮವೇ ಹೇಳಿದ ಅಪರೂಪದ ಸಂದರ್ಭವಿದು. ಈ ನಂಬಿಕೆ ಸರಕಿನ ರಫ್ತಿಗೆ ನಿಲ್ಲದೆ ಹಣ ಸ್ವೀಕರಿಸುವ ಮೊದಲ ಹಂತಕ್ಕೂ ವಿಸ್ತರಿಸಬೇಕು; ಒಂದು ಗೊತ್ತಾದ ಮಿತಿಯೊಳಗಿನ ಮೊತ್ತಕ್ಕೆ ಪರ್ಪಸ್ ಕೋಡ್ ಹಾಕುವುದು, ಪ್ರಮಾಣಪತ್ರ ತಯಾರಿಸುವುದು, ಅದನ್ನು ಮಾರಿದವರಿಗೆ ಉಚಿತವಾಗಿ ಕೊಡುವುದು ಪಾವತಿ ಸಂಸ್ಥೆಯ ಕರ್ತವ್ಯವೇ ಆಗಬೇಕು. ಮಾರುವವರ ಗುರುತು, ಬಿಲ್ಲು, ಗಿರಾಕಿಯ ದೇಶ ಎಲ್ಲವೂ ಆ ಸಂಸ್ಥೆಯ ಬಳಿ ಈಗಾಗಲೇ ಇರುತ್ತವೆ.

ನಿಯಮ ಬದಲಾಗುವವರೆಗೆ ಕಾಯದೆ ಜಿಲ್ಲೆಯೊಳಗೇ ಮಾಡಬಹುದಾದ ಕೆಲಸವೂ ಇದೆ. ನೀಲಗಿರಿಯ ಸಣ್ಣ ಚಹಾ ಬೆಳೆಗಾರರು ತಲಾ ಒಂದೊಂದು ಕಾರ್ಖಾನೆ ಕಟ್ಟಲಾರರೆಂಬುದು ಗೊತ್ತಾದಾಗ ಸಹಕಾರಿ ಕಾರ್ಖಾನೆಗಳು ಹುಟ್ಟಿದವು, 1965ರಲ್ಲಿ ಅವುಗಳ ಒಕ್ಕೂಟವಾಗಿ ಇಂಡ್ಕೋಸರ್ವ್ ಬಂತು. ಎಲೆ ಬಾಡಿಸಿ ಅರೆದು ಒಣಗಿಸುವ ಯಂತ್ರ ಹೇಗೆ ಒಬ್ಬೊಬ್ಬರ ಅಳವಿನದಲ್ಲವೋ ಹಾಗೆಯೇ ವಿದೇಶಿ ಪಾವತಿಯ ಯಂತ್ರವೂ ಒಬ್ಬೊಬ್ಬರ ಅಳವಿನದಲ್ಲ. ಆಮದು ರಫ್ತು ಸಂಕೇತ ಸಂಖ್ಯೆ, ಜಿಎಸ್‌ಟಿ ನೋಂದಣಿ, ಪಾವತಿ ಸಂಸ್ಥೆಯ ಖಾತೆ ಮತ್ತು ಕಾಗದಪತ್ರ ಬಲ್ಲ ಇಬ್ಬರು ನೌಕರರನ್ನು ಒಂದು ಸಹಕಾರಿ ಸಂಘ ಹೊಂದಿದ್ದು, ಕಸೂತಿ, ಚಹಾ, ಜೇನುಗಳನ್ನು ಸದಸ್ಯರಿಂದ ರೂಪಾಯಿಗೆ ಕೊಂಡು ತನ್ನ ಹೆಸರಿನಲ್ಲಿ ರಫ್ತು ಮಾಡಿದರೆ, ಸದಸ್ಯರ ಮಟ್ಟಿಗೆ ಅದು ಊರೊಳಗಿನ ಮಾರಾಟವಾಗುತ್ತದೆ. ಇದಕ್ಕೆ ಹೊಸ ಕಾನೂನಿನ ಅಗತ್ಯವೂ ಇಲ್ಲ. ನಡುವೆ ಬಂದ ಸಂಘವೇ ಹೊಸ ದಲ್ಲಾಳಿಯಾಗುವ ಭಯ ನಿಜವಾದದ್ದು. ಹಸಿರೆಲೆಯ ಬೆಲೆಯ ಬಗ್ಗೆ ಬೆಳೆಗಾರರು ದಶಕಗಳಿಂದ ಹೋರಾಡುತ್ತಿರುವುದನ್ನು ಬಲ್ಲವರು ಸಹಕಾರವೆಂಬ ಹೆಸರೊಂದರಿಂದಲೇ ನ್ಯಾಯ ಸಿಗುತ್ತದೆಂದು ಹೇಳಲಾರರು. ಆದ್ದರಿಂದ ಪ್ರತಿ ಮಾರಾಟದಲ್ಲಿ ವಿದೇಶದ ಗಿರಾಕಿ ಕೊಟ್ಟದ್ದೆಷ್ಟು, ಶುಲ್ಕ ಮತ್ತು ವಿನಿಮಯದಲ್ಲಿ ಹೋದದ್ದೆಷ್ಟು, ಮಾಡಿದವರ ಕೈಸೇರಿದ್ದೆಷ್ಟು ಎಂಬ ಮೂರು ಅಂಕಿಗಳನ್ನು ಸದಸ್ಯರ ಭಾಷೆಯಲ್ಲಿ ಬರೆದುಕೊಡುವುದು ಇಂಥ ಸಂಘದ ಮೊದಲ ನಿಯಮವಾಗಿರಬೇಕು. ಹೋಂಸ್ಟೇ ಮತ್ತು ಸ್ವತಂತ್ರ ಕೆಲಸಗಾರರಿಗೆ ಸಂಘದ ಹೆಸರಿನಲ್ಲಿ ಮಾರುವುದು ಒಗ್ಗದಿದ್ದರೂ, ಅದೇ ಕಚೇರಿ ಅವರ ಕಾಗದಗಳನ್ನು ಸಿದ್ಧಪಡಿಸಿಕೊಡಬಹುದು.

ಪಾವತಿ ಸರಾಗವಾದ ಮಾತ್ರಕ್ಕೆ ವಿದೇಶದ ಮಾರುಕಟ್ಟೆ ಭದ್ರವಾಗುವುದಿಲ್ಲ. ಸಣ್ಣ ಮೊತ್ತದ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ತೆಗೆದುಹಾಕಿದ್ದರಿಂದ 2025ರ ಆಗಸ್ಟ್ 25ರಿಂದ ಅಕ್ಟೋಬರ್ ಮಧ್ಯದವರೆಗೆ ಭಾರತದ ಅಂಚೆ ಇಲಾಖೆ ಆ ದೇಶಕ್ಕೆ ಹೆಚ್ಚಿನ ಅಂಚೆಯನ್ನೇ ನಿಲ್ಲಿಸಬೇಕಾಯಿತು. ಅಂಥ ಆಘಾತಗಳನ್ನು ಬೆಟ್ಟದ ಸಂಘವಾಗಲಿ ರಿಸರ್ವ್ ಬ್ಯಾಂಕಾಗಲಿ ತಡೆಯಲಾರವು. ಅವುಗಳನ್ನು ತಾಳಿಕೊಳ್ಳಲು ಬೇಕಾದ ದಾಖಲೆ, ಸಾಲ, ಬೇರೆ ದೇಶದ ಗಿರಾಕಿಗಳು ಇರುವುದು ಮಾತ್ರ ನೇರ ದಾರಿಯಲ್ಲಿ ವ್ಯಾಪಾರ ಮಾಡಿದವರಿಗೆ. ರಿಸರ್ವ್ ಬ್ಯಾಂಕು ಹತ್ತು ಲಕ್ಷದ ರಫ್ತಿನಲ್ಲಿ ತೋರಿದ ನಂಬಿಕೆಯನ್ನು ಸಣ್ಣ ಪಾವತಿಗಳೆಲ್ಲಕ್ಕೂ ವಿಸ್ತರಿಸಲಿ. ಅಗ್ರಣಿ ಬ್ಯಾಂಕಿನ ಅಧಿಕಾರಿಗಳೂ ಜಿಲ್ಲಾಡಳಿತವೂ ಉದಕಮಂಡಲ ಮತ್ತು ಗೂಡಲೂರುಗಳಲ್ಲಿ ಈ ಕಾಗದಗಳನ್ನು ಜನರ ಭಾಷೆಯಲ್ಲಿ ವಿವರಿಸುವ ಒಂದೊಂದು ಮೇಜನ್ನಾದರೂ ಈ ವರ್ಷವೇ ಹಾಕಲಿ. ಬೆಳೆಗಾರರ ಮತ್ತು ಕುಶಲಕರ್ಮಿಗಳ ಸಂಘಗಳು ಒಟ್ಟಾಗಿ ಅದನ್ನು ಕೇಳಿ ಪಡೆಯಲಿ.